ಸೋಮವಾರದ ಯಾದಿ

ಅಕ್ಕನ ಬಲಗೈ ತೋರುಬೆರಳಿನ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಗೀರೊಂದಿತ್ತು. ಬನಹಟ್ಟಿಯ ಮನೆಯಲ್ಲಿ ಸೀರೆ ಮಗ್ಗಕ್ಕೆ ಕಂಡಿಕೆ ಸುತ್ತುವಾಗ ನೂಲು ವರ್ಷಗಟ್ಟಲೆ ಅದೇ ಜಾಗದಲ್ಲಿ ಹರಿದು ಬಿದ್ದ ಗೀರು. ಕಾಲೇಜಿನ ಹುಡುಗಿಯರೆಲ್ಲ ಒಮ್ಮೆಯಾದರೂ ಆ ಬೆರಳು ಹಿಡಿದು ನೋಡಿದ್ದರು. ಪೆನ್ನು ಹಿಡಿದು ಹಿಡಿದು ನನ್ನ ನಡುಬೆರಳಿಗೂ ಒಂದು ಗಂಟು ಬಂದಿದೆ. ಅದೇನೆಂದು ಈವರೆಗೆ ಯಾರೂ ಕೇಳಿಲ್ಲ.

ಆಕೆ ನನ್ನ ಒಡಹುಟ್ಟಿದವಳಲ್ಲ, ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವಳು. ಜಮಖಂಡಿಯ ನಮ್ಮ ಕಾಲೇಜಿನ ಸೇವಾ ಘಟಕಕ್ಕೆ ಆಕೆ ನಾಯಕಿ, ನಾನು ಕಾರ್ಯದರ್ಶಿ. ಚಿಮ್ಮಡದಲ್ಲಿ ಏಳು ದಿನದ ಶಿಬಿರ ಹಾಕಿದಾಗ ಘಟಕ ನೋಡಿಕೊಳ್ಳುವ ನಮ್ಮ ಸರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು: ಕೊನೆಯ ದಿನ ಒಬ್ಬಳನ್ನು ಆರಿಸಿ ಧಾರವಾಡದ ನಾಯಕತ್ವ ತರಬೇತಿಗೆ ಕಳಿಸುತ್ತೇವೆ. ನನಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಆ ಮೊದಲ ದಿನದ, ಗುರುವಾರದ, ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: 'ಬೆಳಗಿನಿಂದ ಊಟದ ಹೊತ್ತಿನವರೆಗೆ ಅಕ್ಕಾ ಎಂದು ಕೂಗಿದ್ದು ಹದಿನಾಲ್ಕು ಸಲ. ನನ್ನನ್ನು ಕೂಗಿದ್ದು ಮೂರು ಸಲ. ಅದರಲ್ಲಿ ಒಂದು, ಅಕ್ಕ ಎಲ್ಲಿದ್ದಾಳೆಂದು ಕೇಳಲು.'

ಆಕೆಯ ಬಳಿ ಒಂದು ಚೀಟಿಯೂ ಇರುತ್ತಿರಲಿಲ್ಲ. ಯಾರು ರೊಟ್ಟಿ ಬಡಿಯಬಲ್ಲರು, ಯಾರಿಗೆ ಅಪರಿಚಿತರ ಹೊಸ್ತಿಲಲ್ಲಿ ಮಾತು ಹೊರಡುತ್ತದೆ, ಯಾರು ಅಳುವ ಕೂಸನ್ನು ಸುಮ್ಮನಾಗಿಸುತ್ತಾರೆ, ಎಲ್ಲ ತಲೆಯಲ್ಲೇ. ಊಟಕ್ಕೆ ಕೊನೆಗೆ ಕೂರುತ್ತಿದ್ದಳು, ಅದೂ ತಳದ ಪಲ್ಯ ಕೆರೆದುಕೊಂಡು. ಒಂದು ಹುಡುಗಿ ಮನೆಮನೆ ಸಮೀಕ್ಷೆಯಲ್ಲಿ ತಡವರಿಸಿದಳೆಂದು ನಾನು ದೂರಿದಾಗ ಅಂದಳು, "ಆಕಿಗೆ ಏನ ಬರತೈತಿ ಅದನ್ನ ಮೊದಲ ನೋಡಬೇ. ಬರಲಾರದ್ದನ್ನ ನಾಳೆ ನೋಡೋಣು." ಮರುದಿನ ಆ ಹುಡುಗಿಗೆ ಶಾಲೆಯ ಗೋಡೆಯ ಮೇಲೆ ಚಿತ್ರ ಬರೆಯಲು ಹೇಳಿದಳು. ಊರವರು ನಿಂತು ನೋಡಿದರು. ನನಗೆ ಆ ಚಿತ್ರದ ಮೇಲೂ ಸಿಟ್ಟು ಬಂತು.

ಶಿಬಿರದ ದೊಡ್ಡ ಕೆಲಸ ಶಾಲೆಯ ಅಂಗಳಕ್ಕೆ ಗರಸು ಮಣ್ಣು ಹಾಕುವುದು. ಓಣಿ ಸಣ್ಣದು, ಟ್ರ್ಯಾಕ್ಟರ್ ಒಳಗೆ ಬರುವುದಿಲ್ಲ. ಅದು ಗರಸನ್ನು ಓಣಿಯ ಬಾಯಲ್ಲಿ ಸುರಿದು ಹೋಗಿತ್ತು. ಅಲ್ಲಿಂದ ಒಳಗೆ ಸಾಗಿಸಲು ನಾಲ್ಕು ಚಕ್ಕಡಿ ಗಾಡಿ ಕೊಡುತ್ತೇವೆ, ದಿನ ಮಾತ್ರ ತಿಳಿಸಿರಿ ಎಂದು ಊರ ಹಿರಿಯರೊಬ್ಬರು ಹೇಳಿದ್ದರು. ಯಾವ ದಿನ ಯಾವ ಕೆಲಸವೆಂಬ ಯಾದಿಯನ್ನು ಇಬ್ಬರೂ ಕೂಡಿ ಮಾಡಿರೆಂದು ಸರ್ ಅಂದರು. ಅಕ್ಕ ಅಡುಗೆ ಮನೆಯಲ್ಲಿದ್ದಾಗ ನಾನೊಬ್ಬಳೇ ಕೂತು ಮಾಡಿದೆ. ಆಕೆಗೆ ತೋರಿಸದೆ ಸರ್ ಕೈಗಿಟ್ಟೆ, ಪಂಚಾಯ್ತಿ ಕಟ್ಟೆಗೂ ಒಂದು ಪ್ರತಿ ಅಂಟಿಸಿದೆ. ಗೆರೆ ಎಳೆದು, ಗಂಟೆ ಬರೆದು, ಚೊಕ್ಕಾಗಿತ್ತು. ಚಕ್ಕಡಿ ಬರುವ ದಿನ: ಸೋಮವಾರ.

ಸೋಮವಾರ ಬೆಳಿಗ್ಗೆ ನಲವತ್ತು ಹುಡುಗಿಯರು ಗರಸಿನ ಗುಡ್ಡೆಯ ಪಕ್ಕ ನಿಂತೆವು. ಎಂಟಾಯಿತು, ಒಂಬತ್ತಾಯಿತು, ಒಂದು ಚಕ್ಕಡಿಯೂ ಬರಲಿಲ್ಲ. ಆ ಹಿರಿಯರು ಕಾಯಿ ಹಿಡಿದುಕೊಂಡು ಬಸವಣ್ಣನ ಗುಡಿಗೆ ಹೊರಟಿದ್ದವರು ನಮ್ಮನ್ನು ಕಂಡು ನಿಂತರು.

"ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗಾ ಇಡತಾರೇನ ಯವ್ವಾ? ಬಸವಣ್ಣನ ವಾರ ಇದು. ಪಂಚಾಯ್ತಿ ಕಟ್ಟಿಗೆ ಹಚ್ಚಿದ ಚೀಟಿ ಓದಿ ಮಂದಿ ನಕ್ಕಾರ. ಪ್ಯಾಟ್ಯಾಗಿನವರ ಯಾರೋ ಬರದಿರಬೇಕು ಅಂತ ನಾನೂ ಅಂದೆ."

ನನ್ನ ಅಪ್ಪನದು ಪೇಟೆಯಲ್ಲಿ ಅಂಗಡಿ. ನಮ್ಮ ಮನೆಯ ಮುಂದೆ ಎತ್ತು ಕಟ್ಟಿದ್ದನ್ನು ನಾನು ಕಂಡಿಲ್ಲ. ಸರ್ ಮುಖ ಕೆಂಪಾಯಿತು. "ನಿಮ್ಮಿಬ್ಬರಾಗ ಯಾರ ಮಾಡಿದ್ದು ಈ ಯಾದಿ?"

ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

"ನಂದರಿ ಸರ್," ಅಂದಳು ಅಕ್ಕ. "ತಪ್ಪಾತು."

ಬೈಗುಳ ಮುಗಿಯುವ ಮೊದಲೇ ಆಕೆ ಓಣಿಯ ಮನೆಗಳಿಗೆ ಹೊಕ್ಕು ಬುಟ್ಟಿ ಕೇಳತೊಡಗಿದ್ದಳು. ಓಣಿಯುದ್ದಕ್ಕೂ ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ದನಿಯಿದ್ದವಳನ್ನು ನಡುವೆ ನಿಲ್ಲಿಸಿ ಹಾಡಿನ ಪದ ಹೇಳಲು ಹಚ್ಚಿದಳು. ಮನೆಯ ಹೆಂಗಸರೂ ಸೆರಗು ಸಿಕ್ಕಿಸಿ ಬಂದರು. ನನ್ನ ಹತ್ತಿರ ಬಂದು, "ನೀ ಬುಟ್ಟಿ ಎಣಸಬೇ. ಐವತ್ತಕ್ಕೊಮ್ಮೆ ಜೋರಾಗಿ ಒದರು. ಮಂದಿಗೆ ಹುರುಪ ಬರತೈತಿ" ಅಂದಳು.

ಎಣಿಸಿದೆ. ನಾನೂರ ಹನ್ನೆರಡು. ಪ್ರತಿ ಐವತ್ತಕ್ಕೂ ಓಣಿ ಹೋ ಎಂದಿತು. ಅಷ್ಟು ಜನ ನನ್ನ ದನಿಗೆ ಕಾದದ್ದು ಅದೇ ಮೊದಲು. ಅದನ್ನೂ ಆಕೆಯೇ ಕೊಟ್ಟಳಲ್ಲ ಎಂದು ಹೊಟ್ಟೆ ಉರಿಯಿತು.

ಆ ಯಾದಿಯ ಮಾತನ್ನು ಆಕೆ ಮತ್ತೆ ಎತ್ತಲೇ ಇಲ್ಲ. ಒಮ್ಮೆ ಹಂಗಿಸಿದ್ದರೂ ನನಗೆ ಹಗುರಾಗುತ್ತಿತ್ತು. "ಯಾಕ ಮಾರಿ ಸಣ್ಣ ಮಾಡೀಬೇ? ಉಣ್ಣ ಬಾ" ಎಂದಷ್ಟೇ ಅಂದಳು.

ಬುಧವಾರ ಸಮಾರೋಪ. ಸರ್ ಮೈಕ್ ಹಿಡಿದರು. "ನಮ್ಮ ನಾಯಕಿ ಛಲೋ ಹುಡುಗಿ. ಆದರ ಊರಿನ ರೀತಿ ಕೇಳಲಾರದ ಯಾದಿ ಮಾಡೂದು ನಾಯಕತ್ವ ಅಲ್ಲ. ಅದಕ್ಕ ಧಾರವಾಡಕ್ಕ..." ಎಂದು ನನ್ನ ಹೆಸರು ಹೇಳಿದರು.

ಮೊದಲು ಚಪ್ಪಾಳೆ ತಟ್ಟಿದವಳು ಅಕ್ಕ. "ಹೋಗಬೇ, ಕರದಾರ" ಎಂದು ಬೆನ್ನಿಗೆ ಕೈ ಇಟ್ಟು ನೂಕಿದಳು. ವೇದಿಕೆಗೆ ಹನ್ನೊಂದು ಹೆಜ್ಜೆ. ಎಂಟನೆಯದರವರೆಗೂ ಬಾಯಿ ಮುಚ್ಚಿಕೊಂಡು ಧಾರವಾಡಕ್ಕೆ ಹೋಗುವವಳೇ ಇದ್ದೆ. ಆದರೆ ಹಾಗೆ ಹೋದರೆ ಈ ಜಾಗವೂ ಆಕೆ ಕೊಟ್ಟದ್ದೇ ಆಗುತ್ತಿತ್ತು. ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ವೇದಿಕೆ ಹತ್ತಿ ಸರ್ ಕೈಯಿಂದ ಮೈಕ್ ಇಸಿದುಕೊಂಡೆ.

"ಸೋಮವಾರದ ಯಾದಿ ನಂದರಿ ಸರ್. ಅಕ್ಕ ಅದನ್ನ ನೋಡೇ ಇಲ್ಲರಿ. ನಾನ ತೋರಿಸಿರಲಿಲ್ಲ."

ಮುಂದೆ ಕೂತಿದ್ದ ಹಿರಿಯರು, "ನಾ ಹೇಳಿದ್ನಿಲ್ಲೋ, ಪ್ಯಾಟಿದು ಅಂತ!" ಅಂದರು. ಜನ ನಕ್ಕರು. ನಿಜ ಹೇಳಿದ್ದಕ್ಕೆ ಸರ್ ಮೆಚ್ಚಬಹುದೆಂದು ಒಂದು ಗಳಿಗೆ ಕಾದೆ. ಅವರು ಮೈಕ್ ತೆಗೆದುಕೊಂಡು ಅಕ್ಕನ ಹೆಸರು ಕರೆದರು.

ಆಕೆ ಧಾರವಾಡದ ಬಸ್ಸು ಹತ್ತುವ ದಿನ ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಖುಷಿಯಿಂದ ಹೋಗಿದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು, "ಯಾಕ ಹೇಳಿದೀಬೇ? ನೀನ ಹೋಗಬಹುದಿತ್ತಲ್ಲ."

"ಎಲ್ಲಾ ನಿನಗ ಯಾಕ ಬಿಡಬೇಕು? ತಪ್ಪಾದ್ರೂ ನಂದ ಇರಲಿ" ಅಂದೆ.

ಆಕೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಬಸ್ಸು ಹೊರಟಿತು. ಆಕೆಯ ಓದು ಮುಗಿದು, ಈಗ ಘಟಕಕ್ಕೆ ನಾನೇ ನಾಯಕಿ. ಆಕೆಯ ಮೇಲಿನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಆದರೆ ನನ್ನದನ್ನು ನನ್ನದೆಂದು ನಾಲ್ಕು ಜನರೆದುರು ಹೇಳಲು ನಾನು ಕಲಿತದ್ದು ಆ ಕಿಚ್ಚಿನಿಂದಲೇ.