ಚಿಂತಾಮಣಿಯಲ್ಲಿ ದೊಡ್ಡಮ್ಮನ ಬೆಳ್ಳಿ ಕಪ್

ಗೌರಿಬಿದನೂರಿನಿಂದ ಮೊದಲ ಬಸ್ಸಿಗೇ ಹೊರಟೆವು, ನಾನು ಮತ್ತು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ ತಾಯಮ್ಮ. ಅರವತ್ತರ ದಶಕದ ಆರಂಭ. ನಾನಾಗ ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ದೊಡ್ಡಮ್ಮ ನನ್ನ ಜೊತೆಗಿದ್ದರು. ಮಂಚೇನಹಳ್ಳಿ ದಾಟುವವರೆಗೂ ಮಂಜಿನಲ್ಲಿ ರಸ್ತೆಯೇ ಕಾಣಲಿಲ್ಲ.

ನಾಟಕ ಕಂಪನಿಗಳಲ್ಲಿ ಗಂಡಸರೇ ಸೀರೆಯುಟ್ಟು ನಗಿಸುತ್ತಿದ್ದ ಕಾಲದಲ್ಲಿ ನಮ್ಮ ಸೀಮೆಯಿಂದ ಹಾಸ್ಯದ ಪಾತ್ರಕ್ಕೆ ನಿಂತ ಮೊದಲ ಹೆಂಗಸು ಅವರು. ರಂಗ ಬಿಟ್ಟಾಗ ಕಂಪನಿ ಕೊಟ್ಟ ಬೆಳ್ಳಿ ಕಪ್ಪನ್ನು ಚಿಂತಾಮಣಿಯ ಪುಟ್ಟ ವಸ್ತುಸಂಗ್ರಹಾಲಯದವರು ಬಂದು ಕೇಳಿದ್ದರು, ಇವರೂ ಕೊಟ್ಟಿದ್ದರು. ಈಗ ಅದನ್ನು ವಾಪಸ್ಸು ಕೇಳಲೆಂದೇ ಈ ಪ್ರಯಾಣ. ಕೊನೆಯ ಸಲ ಬಣ್ಣ ಹಚ್ಚಿದಾಗ ಯಾರೂ ನಕ್ಕಿರಲಿಲ್ಲ; ಆ ಮೌನ ಅವರನ್ನು ಬಿಟ್ಟಿರಲಿಲ್ಲ.

“ನಗಿಸೋಕೆ ಬರದೋಳ ಹೆಸರು ಗಾಜಿನೊಳಗೆ ಯಾಕಿರಬೇಕು?” ಎಂದಿದ್ದರು.

ಚಿಕ್ಕಬಳ್ಳಾಪುರದಲ್ಲಿ ಬಿಸಿ ಇಡ್ಲಿ ತಿಂದು ಸಣ್ಣ ರೈಲು ಹತ್ತಿದೆವು. ಅದರ ವೇಗಕ್ಕೆ ಸೈಕಲ್ಲಿನವನೊಬ್ಬ ಬಹಳ ದೂರ ನಮ್ಮ ಪಕ್ಕದಲ್ಲೇ ಬಂದ. ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರದ ಸಾಬರೊಬ್ಬರು ಖಾಲಿ ಬುಟ್ಟಿಗಳ ಸಮೇತ ಬಂದು ಎದುರಿಗೆ ಕುಳಿತರು. ದೊಡ್ಡಮ್ಮ ಬುಟ್ಟಿಗಳ ಮೇಲೆ ಏನೋ ತಮಾಷೆ ಮಾಡಿದರು. ಸಾಬರು ನಗಲಿಲ್ಲ, ಬುಟ್ಟಿ ಅಡ್ಡವಾಯಿತೇನೋ ಎಂದುಕೊಂಡು, “ಮಾಫ್ ಮಾಡಿ ಅಮ್ಮ” ಎಂದು ಬುಟ್ಟಿಗಳನ್ನು ಸರಿಸಿಕೊಂಡರು. ದೊಡ್ಡಮ್ಮ ಕಿಟಕಿಯತ್ತ ತಿರುಗಿದವರು ಚಿಂತಾಮಣಿಯವರೆಗೆ ಹಿಪ್ಪುನೇರಳೆ ತೋಟಗಳನ್ನೇ ನೋಡುತ್ತಿದ್ದರು.

ವಸ್ತುಸಂಗ್ರಹಾಲಯವೆಂದರೆ ಎರಡೇ ಕೋಣೆ. ಅಧಿಕಾರಿ ಊಟಕ್ಕೆ ಹೋಗಿದ್ದರು. ತುಕ್ಕು ಹಿಡಿದ ಕತ್ತಿಗಳ ಪಕ್ಕದಲ್ಲಿ ಕಪ್ ಇತ್ತು, ಕೆಳಗೆ ದೊಡ್ಡಮ್ಮನ ಹೆಸರು. ದೊಡ್ಡಮ್ಮ ಗಾಜಿನ ಮೇಲೆ ಕೈಯಿಟ್ಟರು. ಮುಟ್ಟಬೇಡಿ ಎಂದು ಕಾವಲುಗಾರ ಎದ್ದು ಬಂದ.

ದೊಡ್ಡಮ್ಮನ ಬೆನ್ನು ತಟ್ಟನೆ ಬಾಗಿತು, ದನಿ ಹಳ್ಳಿಯ ಮುದುಕಿಯದಾಯಿತು. ಆಯಮ್ಮ ಇಷ್ಟು ದೊಡ್ಡ ಲೋಟದಲ್ಲಿ ಕಾಫಿ ಕುಡೀತಿದ್ದಳಾ ಎಂದು ಕೇಳಿದರು. ಜನರನ್ನು ನಗಿಸಿದ್ದಕ್ಕೆ ಕೊಟ್ಟ ಬಹುಮಾನ ಅದು ಎಂದು ಆತ ಗಂಭೀರವಾಗಿ ತಿಳಿಹೇಳಿದ.

“ನಗಿಸಿದ್ರೆ ಬೆಳ್ಳಿ ಕೊಡ್ತಾರೇನಪ್ಪ? ನಾನೂ ನಮ್ಮತ್ತೇನ ನಗಿಸೋಕೆ ಬಾಳ ವರ್ಷ ಒದ್ದಾಡ್ದೆ. ಕೊನೆಗೂ ಒಂದಿನ ನಕ್ಕಳು.” ದೊಡ್ಡಮ್ಮ ಉಸಿರು ತಡೆದು ಅವನ ಮುಖ ನೋಡಿದರು. “ನಾನು ಬಾವಿಗೆ ಬಿದ್ದ ದಿನ.”

ಅವನು ಗೋಡೆ ಹಿಡಿದು ನಕ್ಕ. ನಗು ನಿಂತಿತೆನ್ನುವಾಗ ಮತ್ತೆ ಉಕ್ಕಿ, ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ದೊಡ್ಡಮ್ಮನಿಗೆ ಅತ್ತೆಯಿರಲಿ, ಮದುವೆಯೇ ಆಗಿರಲಿಲ್ಲ. ಇವರು ಯಾರು ಗೊತ್ತೇ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಕೈ ಒತ್ತಿದರು. ಅಷ್ಟರಲ್ಲಿ ಅಧಿಕಾರಿ ಬಂದು ಏನು ಬೇಕಿತ್ತೆಂದು ವಿಚಾರಿಸಿದರು.

“ಏನಿಲ್ಲಪ್ಪ, ನೋಡ್ಕೊಂಡು ಹೋಗಣ ಅಂತ ಬಂದ್ವಿ” ಎಂದರು ದೊಡ್ಡಮ್ಮ.

ಗೇಟಿನ ಬಳಿ ತಿರುಗಿ ನೋಡಿದೆ. ಕಾವಲುಗಾರ ಆಗತಾನೆ ಬಂದ ಗಂಡಹೆಂಡಿರಿಗೆ ಸೊಂಟ ಬಾಗಿಸಿಕೊಂಡು ಅತ್ತೆಯ ಕಥೆ ಹೇಳುತ್ತಿದ್ದ. ಇಬ್ಬರೂ ನಕ್ಕರು. ದೊಡ್ಡಮ್ಮ ನಿಂತು ಕಿವಿಗೊಟ್ಟು ಕೇಳಿ, ಸೆರಗು ಸರಿಮಾಡಿಕೊಂಡು ಸ್ಟೇಷನ್ನಿನ ಕಡೆ ಹೆಜ್ಜೆ ಹಾಕಿದರು.

“ಬಾವಿಗೆ ಬೇಗ ಬಿದ್ಬಿಟ್ಟ ಕಣೇ,” ಎಂದರು. “ಇನ್ನೊಂದು ಉಸಿರು ತಡೀಬೇಕಿತ್ತು.”