ಪುಂಜಾಲಕಟ್ಟೆಯಲ್ಲಿ ನಿಲ್ಲುತ್ತಿದ್ದ ಕಾರು

ನಮ್ಮವರು ಬಂಟ್ವಾಳದಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಕಾಲ. ಆ ವರ್ಷ ನವರಾತ್ರಿ ಕಳೆದ ಮೇಲೆ ಕಾರಿಗೆ ಒಂದು ಚಾಳಿ ಹತ್ತಿತು. ಬೆಳಿಗ್ಗೆ ತಕರಾರಿಲ್ಲದೆ ಹೊರಡುತ್ತಿತ್ತು. ಎಂಟು ಹತ್ತು ಮೈಲಿ ಓಡಿ ಎಂಜಿನ್ ಬಿಸಿಯಾಯಿತೋ, ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು. ಪೇಟೆಯ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದ. ಕೊನೆಗೆ, "ಎಂಜಿನ್ನಿನ ಪೆಟ್ರೋಲ್ ಪಂಪು ಬಿಸಿಯಾಗುವುದು ಮಾರಾಯ್ರೆ, ಅದಕ್ಕೆ ಒದ್ದೆ ಬಟ್ಟೆ ಸುತ್ತಿ" ಎಂದ. ನನ್ನ ಹಳೆಯ ಸೀರೆಯೊಂದು ಅದಕ್ಕೇ ಹೋಯಿತು.

ಅದೇ ಹೊತ್ತಿಗೆ ಅಳದಂಗಡಿಯಿಂದ ನಾದಿನಿಯನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಶುಕ್ರವಾರ ಒಳ್ಳೆಯ ದಿನವೆಂದು ನಿಶ್ಚಯವಾಗಿತ್ತು. ಆದರೆ ಕಾರಿನ ಸುದ್ದಿ ಅವಳ ಅತ್ತೆಗೆ ತಲುಪಿತು. ಅವರು, "ದಾರಿಯಲ್ಲಿ ನಿಲ್ಲುವ ಕಾರಲ್ಲಿ ತುಂಬಿದ ಬಸುರಿಯನ್ನು ಕಳಿಸ್ಲಿಕ್ಕಿಲ್ಲ. ಬಾಣಂತನ ಇಲ್ಲಿಯೇ ಆಗ್ಲಿ" ಎಂದು ಹೇಳಿಕಳುಹಿಸಿದರು. ಸುದ್ದಿ ತಂದವರ ಕಿವಿಯಲ್ಲಿ ನಾದಿನಿ ಬೇರೆಯೇ ಹೇಳಿದ್ದಳು: "ಅತ್ತಿಗೆಗೆ ಹೇಳಿ, ಹೇಗಾದರೂ ಬಂದು ಕರ್ಕೊಂಡು ಹೋಗ್ಲಿಕ್ಕೆ."

ಬುಧವಾರ ಕಾರಿನ ಪರೀಕ್ಷೆಗೆಂದು ನಾವಿಬ್ಬರೇ ಹೊರಟೆವು. ನನ್ನ ಕಾಲ ಬುಡದಲ್ಲಿ ಒಂದು ಕೊಡ ನೀರು, ಮಡಿಲಲ್ಲಿ ಬಟ್ಟೆ. ಅಳದಂಗಡಿ ದಾರಿಯ ಪುಂಜಾಲಕಟ್ಟೆ ಸಿಗುವಾಗ ಕಾರು ನಿಂತಿತು.

"ಪೆಟ್ರೋಲ್ ಉಂಟಾ ನೋಡಿ" ಎಂದೆ.

"ನಿನ್ನೆ ಹಾಕಿದ್ದೇನೆ."

"ನೋಡಿದ್ರೆ ಕಾರು ಬೇಡ ಹೇಳ್ತದಾ?"

ಗೊಣಗುತ್ತ ಹಿಡಿಸೂಡಿ ಪೊರಕೆಯ ಕಡ್ಡಿ ಹಿಡಿದು ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ ಎಂದು ಟ್ಯಾಂಕು ಗಾಳಿ ಒಳಗೆ ಎಳೆದುಕೊಂಡಿತು. ಕಡ್ಡಿ ಅರ್ಧಕ್ಕೆ ಒದ್ದೆ. ಮುಚ್ಚಳ ಹಾಕಿ, ನೋಡುವ ಎಂದು ಸ್ಟಾರ್ಟ್ ಮಾಡಿದರೆ ಎಂಜಿನ್ ಹೊರಟಿತು! ಬಟ್ಟೆಯಿನ್ನೂ ನನ್ನ ಮಡಿಲಲ್ಲೇ ಇತ್ತು.

"ತಣಿಯದೆಯೇ ಹೊರಟಿತಲ್ಲ. ಹಾಗಾದ್ರೆ ಇದು ಬಿಸಿಯ ಕೆಲಸ ಅಲ್ಲ" ಎಂದೆ. ನನಗೆ ಅಡುಗೆಮನೆಯ ಎಣ್ಣೆ ಡಬ್ಬ ನೆನಪಾಗಿತ್ತು. ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಇಳಿಯುವುದಿಲ್ಲ. ಗಾಳಿ ಹೋಗಲು ಇನ್ನೊಂದು ಬೇಕು, ಇಲ್ಲದಿದ್ದರೆ ಗಾಳಿ ನುಸುಳುವವರೆಗೆ ಕಾಯಬೇಕು. "ಈ ಟ್ಯಾಂಕಿಗೆ ಗಾಳಿ ಹೋಗುವುದು ಎಲ್ಲಿಂದ?"

"ಮುಚ್ಚಳದ ನಡುವೆ ಸೂಜಿಯಷ್ಟು ತೂತು ಇರ್ತದೆ" ಎನ್ನುತ್ತ ಬಗ್ಗಿ ಮುಚ್ಚಳಕ್ಕೆ ಬೆರಳಿಟ್ಟರು. ತೂತಿನ ಮೇಲೆ ಗಂಧದ ಬೊಟ್ಟು, ಒಣಗಿ ಕಲ್ಲಾಗಿತ್ತು. ಆಯುಧಪೂಜೆಯ ದಿನ ನಾನೇ ಇಟ್ಟದ್ದು. ಪ್ರತಿ ವರ್ಷ ಬಾನೆಟ್ಟಿಗೆ, ಚಕ್ರಗಳಿಗೆ ಮಾತ್ರ. ಆ ಸಲ ಗಂಧ ಉಳಿದಿತ್ತು, ಪೆಟ್ರೋಲ್ ಕುಡಿಯುವ ಬಾಯಿಗೂ ಇರಲಿ ಎಂದು ದಪ್ಪಗೆ ಹಚ್ಚಿದ್ದೆ. ಪೂಜೆಯ ಗಂಧವನ್ನು ಉಜ್ಜಿ ತೆಗೆಯಬಾರದು, ತಾನಾಗಿ ಹೋಗಬೇಕೆಂದು ನಮ್ಮವರು ದಿನಾ ಅದೊಂದನ್ನು ಬಿಟ್ಟು ಕಾರು ತೊಳೆದಿದ್ದರು.

"ಇಟ್ಟದ್ದು ನೀನು."

"ಉಳಿಸಿದ್ದು ನೀವು."

ಸೆರಗಿನ ಪಿನ್ನು ತೆಗೆದುಕೊಟ್ಟೆ. ಬೊಟ್ಟಿಗೆ ಕೈಮುಗಿದು ಚುಚ್ಚಿದರು.

ಶುಕ್ರವಾರ ಅಳದಂಗಡಿಗೆ ಹೋದಾಗ ನಾದಿನಿಯ ಅತ್ತೆ ಒಪ್ಪಿದರು, ಒಂದು ಷರತ್ತಿನ ಮೇಲೆ: ತಾವೂ ಜೊತೆಗೆ ಬರುವುದು, ಕಾರು ನಿಂತರೆ ಅಲ್ಲಿಂದಲೇ ಸೊಸೆಯನ್ನು ಬಸ್ಸಿನಲ್ಲಿ ವಾಪಸು ಕರೆದೊಯ್ಯುವುದು. ಪುಂಜಾಲಕಟ್ಟೆ ಬಂತು, ಹೋಯಿತು. ನಾದಿನಿ ನನ್ನ ಕೈ ಹಿಂಡಿದಳು. ಅತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಎಂಜಿನ್ ಸದ್ದು ನಿಂತಾಗಲೇ ಅವರಿಗೆ ಎಚ್ಚರ.

"ನಿಂತಿತಲ್ಲ! ನಾನು ಹೇಳಿದ್ದೇನು? ಎಲ್ಲಿ ನಿಂತದ್ದು?"

"ನಮ್ಮ ಅಂಗಳದಲ್ಲಿ" ಎಂದರು ನಮ್ಮವರು. "ಇಳಿಯುವ, ಚಾ ಕುಡಿಯುವ."