ಜ್ವರದ ಮದ್ದು, ನನ್ನದೊಂದು ಸುಳ್ಳು

ನಿನ್ನೆ ಚೀಲದೊಳಗೆ ಜ್ವರದ ಸಿರಪ್ಪಿನ ಮುಚ್ಚಳ ಸಡಿಲಾಗಿ ರಿಜಿಸ್ಟರೆಲ್ಲ ಅಂಟಂಟಾಗಿತ್ತು. ಒರೆಸುತ್ತ ಕೂತಾಗ ಆ ಸಿಹಿ ವಾಸನೆಗೆ ನಮ್ಮ ಹಳೆಯ ಸಿಸ್ಟರ್ ನೆನಪಾದರು. ನಾನು ಆಶಾ ಕಾರ್ಯಕರ್ತೆಯಾಗಿ ಹನ್ನೆರಡು ವರ್ಷವಾಯಿತು. ಮನೆಯಿಂದ ಮನೆಗೆ ಹತ್ತಿ ಇಳಿದು ಮೊಣಕಾಲು ಸೋತುಹೋಗಿದೆ. ಅವರು ಇದೇ ಗುಡ್ಡಗಳನ್ನು ಹೇಗೆ ಹತ್ತುತ್ತಿದ್ದರೋ...

ಅವರು ಕಾಸರಗೋಡಿನ ನೆಕ್ರಾಜೆ ಕಡೆಯ ನಮ್ಮ ಆರೋಗ್ಯ ಸಬ್‌ಸೆಂಟರಿನ ನರ್ಸ್. ದೂರದ ಜಿಲ್ಲೆಯ ಮಲಯಾಳಿ, ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು. ಬುಧವಾರ ಮಕ್ಕಳಿಗೆ ಚುಚ್ಚುಮದ್ದು ಕೊಟ್ಟರೆ ಗುರುವಾರ ಬೆಳಿಗ್ಗೆ ಆ ಮಕ್ಕಳ ಮನೆಗಳಿಗೆಲ್ಲ ನಡೆದು ಹೋಗುತ್ತಿದ್ದರು. ಯಾರೂ ಹೇಳಿದ್ದಲ್ಲ, ಅವರದೇ ಕ್ರಮ. ಜ್ವರದ ಮಗುವನ್ನು ಬಟ್ಟೆಯಲ್ಲಿ ಸುತ್ತಿಟ್ಟದ್ದು ಕಂಡರೆ, "ನನ್ನನ್ನೂ ಹೀಗೇ ಕಟ್ಟಿ ಇಡಿ ಅಜ್ಜಿ, ನನಗೂ ಜ್ವರ ಬರ್ತದೆ" ಎಂದು ಮುದುಕಿಯರನ್ನು ನಗಿಸಿ, ಆ ನಗುವಿನ ನಡುವೆಯೇ ಬಟ್ಟೆ ಬಿಡಿಸಿಬಿಡುತ್ತಿದ್ದರು.

ನನ್ನ ಮಗಳಿಗೆ ಒಂದೂವರೆ ತಿಂಗಳ ಚುಚ್ಚುಮದ್ದು ಹಾಕಿಸಿದಾಗ ನಾನಿನ್ನೂ ಹಸಿ ಬಾಣಂತಿ. ತಾಯಿ ಇಲ್ಲದವಳಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಅತ್ತೆ ಕೆಟ್ಟವರಲ್ಲ, ಆದರೆ ಅವರಿಗೆ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಸಿಸ್ಟರ್ ಒಂದು ಸಣ್ಣ ಬಾಟಲಿ ಕೊಟ್ಟು, ಮಗುವಿನ ತೂಕ ನೋಡಿ ಡ್ರಾಪರಿನ ಮೇಲೆ ಪೆನ್ನಿನಿಂದ ಗೀಟು ಹಾಕಿದ್ದರು. "ಮೈ ಬಿಸಿಯಾದ್ರೆ ಇಲ್ಲಿವರೆಗೆ ಮಾತ್ರ ಕೊಡಿ. ಹಾಲು ಕುಡಿಸ್ತಾ ಇರಿ. ಚುಚ್ಚಿದ ಕಡೆ ಎಂತದೂ ಹಚ್ಚಬೇಡಿ."

ಸಂಜೆ ಮೈ ಕಾದಾಗ ಅತ್ತೆ, "ಬಾಣಂತಿ ಕೋಣೆಯ ಮಗುವಿಗೆ ಇಂಗ್ಲಿಷ್ ಮದ್ದು ಎಂತಕ್ಕೆ?" ಎಂದು ಬಾಟಲಿಯನ್ನು ಅಟ್ಟದ ಮೇಲಿಟ್ಟರು. ಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿ, ಎರಡು ಕಂಬಳಿ ಹೊದೆಸಿದರು. ಆ ಬಾಟಲಿ ಇಳಿಸಲು ನಾನು ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಸಿಸ್ಟರ್ ಬಂದಾಗ ಮಗು ಕೆಂಡವಾಗಿತ್ತು, ಹಾಲಿಗೂ ಬಾಯಿ ಹಾಕುತ್ತಿರಲಿಲ್ಲ. "ಮದ್ದು ಕೊಟ್ಟಿದ್ದೀರಾ?" ಎಂದು ಕೇಳಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಕೊಟ್ಟೆ. ನಿನ್ನೆ ಎರಡು ಸಲ" ಎಂದೆ.

ಸಿಸ್ಟರ್ ಮುಖದ ಬಣ್ಣವೇ ಇಳಿಯಿತು. ಮದ್ದು ಕೊಟ್ಟ ಮೇಲೂ ಹೀಗಿದ್ದರೆ ಬೇರೇನೋ ಆಗಿರಬೇಕೆಂದು ಅವರಿಗೆ ಭಯ. ಕಂಬಳಿ ಎಳೆದು ಬಿಸಾಡಿ, ರಸ್ತೆಗೆ ಓಡಿ ಆಟೋ ನಿಲ್ಲಿಸಿ, ಮಗುವನ್ನು ಎದೆಗವಚಿಕೊಂಡು ಕಾಸರಗೋಡಿನ ಆಸ್ಪತ್ರೆಗೆ ನಮ್ಮನ್ನು ಕರೆದೊಯ್ದರು. ಅಲ್ಲಿ ಮದ್ದು ಹೊಟ್ಟೆಗೆ ಹೋದದ್ದೇ ತಡ, ಮಧ್ಯಾಹ್ನದೊಳಗೆ ಜ್ವರ ಇಳಿದು ಮಗಳು ಹಾಲು ಕುಡಿದಳು.

ಆದರೆ ಆಟೋ ಹೋದದ್ದನ್ನು ಊರೇ ನೋಡಿತ್ತು. ಸಿಸ್ಟರ್ ಚುಚ್ಚಿದ್ದರಿಂದ ಮಗು ಸಾಯುವ ಹಾಗಾಯಿತಂತೆ ಎಂಬ ಸುದ್ದಿಗೆ ಕಾಲು ಬಂತು. ಮುಂದಿನ ಬುಧವಾರ ಬಂದದ್ದು ಇಬ್ಬರೇ ತಾಯಂದಿರು. ಸಿಸ್ಟರ್ ಮನೆ ಮನೆಗೆ ಹೋಗಿ ಬೈಸಿಕೊಂಡು, ಮಕ್ಕಳಿಗೆ ಚುಚ್ಚುಮದ್ದು ತಪ್ಪಿಸಬೇಡಿ ಎಂದು ಕೈಮುಗಿದರಂತೆ.

ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಹೇಳಿದರು, "ಎಲ್ಲ ನೋಡಿದೆ ಮಾರಾಯ್ತಿ. ಫ್ರಿಜ್ ಸರಿ ಉಂಟು, ಮದ್ದಿನ ತಾರೀಕು ಸರಿ ಉಂಟು. ನನ್ನ ಕೈಯಲ್ಲೇ ಎಂತ ತಪ್ಪಾಯಿತೋ ಗೊತ್ತಾಗುವುದಿಲ್ಲ."

ಆಗಲಾದರೂ ಹೇಳಬಹುದಿತ್ತು. ಅತ್ತೆ ಮನೆಯಲ್ಲಿರಲಿಲ್ಲ. ನಾನು "ಚಾ ಮಾಡ್ತೇನೆ ಸಿಸ್ಟರ್" ಎಂದು ಒಳಗೆ ಹೋದೆ... ಎರಡನೇ ಚುಚ್ಚುಮದ್ದಿನ ದಿನ ಅವರು ಮದ್ದಿನ ತಾರೀಕನ್ನು ಮೂರು ಸಲ ಓದಿದ ಮೇಲೆಯೇ ನನ್ನ ಮಗಳ ತೊಡೆ ಹಿಡಿದರು. ಮರುವರ್ಷ ವರ್ಗವಾಗಿ ಹೋದರು.

ಈ ಕೆಲಸಕ್ಕೆ ಸೇರಿದ ಮೇಲೆ ಅವರ ನಂಬರ್ ಸಿಕ್ಕಿತ್ತು. ಇವತ್ತು ಸುಸ್ತು, ನಾಳೆ ಮಾಡೋಣ ಎಂದು ವರ್ಷಗಳನ್ನು ಕಳೆದೆ. ಹೋದ ವರ್ಷ ಅವರು ತೀರಿಕೊಂಡರೆಂದು ಯಾರೋ ಮೊಬೈಲಿಗೆ ಫೋಟೋ ಕಳಿಸಿದರು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಇವತ್ತು ಬೆಳಿಗ್ಗೆ ಒಂದು ಮನೆಯಲ್ಲಿ ಜ್ವರದ ಮಗು. ಮದ್ದು ಕೊಟ್ಟೆಯಾ ಎಂದು ಕೇಳಿದ್ದಕ್ಕೆ ಮಗುವಿನ ತಾಯಿ, ಎಳೆಯ ಹುಡುಗಿ, ತನ್ನ ಅತ್ತೆಯ ಮುಖ ನೋಡಿ, "ಕೊಟ್ಟೆ" ಎಂದಳು. ನಾನು ಅತ್ತೆಯನ್ನು ಕುಡಿಯಲು ನೀರು ತರಲೆಂದು ಒಳಗೆ ಕಳಿಸಿ, ಮತ್ತೊಮ್ಮೆ ಮೆಲ್ಲ ಕೇಳಿದೆ.

"ಇಲ್ಲ ಅಕ್ಕ" ಎಂದು ಅತ್ತುಬಿಟ್ಟಳು.

ಎರಡೇ ಮಾತು. ಅಷ್ಟನ್ನು ನಾನು ಸಿಸ್ಟರಿಗೆ ಹೇಳಲಿಲ್ಲ.